ಹಾಗೂ ಓದಬಹುದು

"ಇನ್ನೂ ಸ್ವಲ್ಪ ಎತ್ತಿ ಹಿಡೀರಿ ಅಕ್ಕ, ಪಟ್ಟಿ ಕಾಲರ್ ಕೆಳಗೆ ಹೋಗ್ತಿಲ್ಲ" ಎಂದಳು ಜೂನಿಯರ್ ವಕೀಲೆ, ತುಟಿಗಳ ನಡುವೆ ಪಿನ್ನು ಕಚ್ಚಿಕೊಂಡೇ.

ಮಗಳು ಅಪ್ಪನ ತಲೆಯನ್ನು ಎರಡೂ ಅಂಗೈಗಳಲ್ಲಿ ಎತ್ತಿ ಹಿಡಿದಳು. ಇಷ್ಟು ಭಾರವಿತ್ತೇ ಈ ತಲೆ ಎಂದು ಬೆರಗಾಯಿತು. ಎಪ್ಪತ್ತು ವರ್ಷ ಅದನ್ನು ಹೊತ್ತು ತಿರುಗಿದ ಆ ಸಪೂರ ಕುತ್ತಿಗೆಯ ಮೇಲೆ ಮೊದಲ ಸಲ ಗೌರವ ಹುಟ್ಟಿತು. ಜೂನಿಯರ್ ಬಿಳಿಯ ಎರಡೆಳೆಯ ಪಟ್ಟಿಯನ್ನು ಕೊರಳಿಗೆ ಕಟ್ಟಿ, ಕರಿ ಕೋಟಿನ ಮೇಲೆ ಅದು ನೇರವಾಗಿ ಇಳಿಬಿದ್ದಿದೆಯೇ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು.

ಬಾಗಿಲಲ್ಲಿ ನಿಂತಿದ್ದ ಸೋದರತ್ತೆಗೆ ಅದು ಹಿಡಿಸಲಿಲ್ಲ. "ಕರಿ ಕೋಟು ತೊಡಿಸಿ ಕಳಿಸೋಕೆ ಅವನೇನು ವಾದ ಮಾಡೋಕೆ ಹೋಗ್ತಿದಾನಾ?"

"ಹೋದ ಕಡೆ ಸುಮ್ನೆ ಕೂರ್ತಾರೆ ಅಂತೀರಾ ನಮ್ಮ ಸರ್?"

ಅತ್ತೆಗೆ ನಗು ಬಂದುಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆ ಸೆರಗೇ ಆಮೇಲೆ ಕಣ್ಣಿಗೆ ಹೋಯಿತು. "ನನಗೆ ಈಗ್ಲೂ ಅವನು ಅಂದ್ರೆ ನೀಲಿ ಅಂಗಿ, ತಲೆ ಮೇಲೆ ಹಳದಿ ಟೋಪಿ. ನಮ್ಮ ಮನೆತನಕ್ಕೇ ಮೊದಲನೇ ಎಂಜಿನಿಯರ್. ಅವನು ಬೀದೀಲಿ ಬಂದ್ರೆ ಗಂಧಕದ ವಾಸನೆ ಮೊದಲು ಬರ್ತಿತ್ತು, ಆಮೇಲೆ ಅವನು."

"ಹಾಗಾದ್ರೆ ಯಾಕೆ ಬಿಟ್ರು ಅತ್ತೆ?"

ಮಗಳು ತಲೆಯನ್ನು ದಿಂಬಿನ ಮೇಲೆ ಇಳಿಸುತ್ತ, ಅತ್ತೆಯ ಕಡೆ ನೋಡದೆ ಕೇಳಿದ್ದಳು. ಅತ್ತೆ ಒಳಗೆ ಬಂದು ಕೋಟಿನ ಮೇಲೆ ಇಲ್ಲದ ಧೂಳನ್ನು ಕೊಡವಿದರು.

"ನೋಡು ಪುಟ್ಟಿ, ನಾಲ್ಕು ಗಂಟೆಗೆ ಶ್ರದ್ಧಾಂಜಲಿ ಸಭೇಲಿ ಮಾತಾಡೋಳು ನೀನು. ಕಾರ್ಖಾನೆ ವಿಷಯ ಎತ್ತಲೇಬೇಡ. ಕಾನೂನಿನ ಮೇಲೆ ಆಸೆ ಇತ್ತು, ಓದಿದ, ಹೆಸರು ಮಾಡಿದ. ಅಲ್ಲಿಗೆ ನಿಲ್ಲಿಸು."

"ಆಸೆ ಇತ್ತಾ?"

"ಇರಬೇಕಲ್ವಾ? ಇಲ್ದಿದ್ರೆ ನಲವತ್ತೆರಡನೇ ವಯಸ್ಸಲ್ಲಿ ಯಾವನು ಹೋಗಿ ಹುಡುಗರ ಮಧ್ಯೆ ಬೆಂಚಲ್ಲಿ ಕೂರ್ತಾನೆ?"

ಈ ‘ಇರಬೇಕಲ್ವಾ’ ಮಗಳಿಗೆ ಸಾಕಾಗಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವಳ ಎದೆಯಲ್ಲಿ ಒಂದು ಅನುಮಾನ ಕೂತಿತ್ತು: ಅಪ್ಪ ಕಾರ್ಖಾನೆ ಬಿಟ್ಟಿರಲಿಲ್ಲ, ಅವರನ್ನು ಹೊರಗೆ ಹಾಕಿದ್ದರು, ಕಾರ್ಖಾನೆ ಪಕ್ಕದ ಕೆರೆ ಕೆಟ್ಟಿದ್ದು ಅವರ ಕೈಯಿಂದಲೇ. ಅಮ್ಮ ಇದ್ದಾಗ ಅಮ್ಮನನ್ನು ಕೇಳಲಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಈಗ ಅಪ್ಪ. ಗೊತ್ತಿದ್ದವರು ಯಾರಾದರೂ ಉಳಿದಿದ್ದರೆ ಇವತ್ತು ಬರುತ್ತಾರೆ, ಸಂಜೆಗೆ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ನಾಲ್ಕು ಗಂಟೆಗೆ ಎಲ್ಲರೆದುರು ನಿಂತು ಅಪ್ಪನ ಬಗ್ಗೆ ಮಾತಾಡುವ ಮೊದಲು ಅವಳಿಗೆ ಅದು ಗೊತ್ತಾಗಬೇಕಿತ್ತು.

* * *

ಅವಳಿಗೆ ಆಗ ಹನ್ನೆರಡು. ಕಾರ್ಖಾನೆಯ ವಸತಿ ಸಾಲಿನಲ್ಲಿ ಏಳನೇ ಮನೆ. ಹಿಂದಿನ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಒಂದು ಮುಂಜಾನೆ ಎದ್ದು ನೋಡಿದರೆ ನೀರಿನ ತುಂಬ ಬೆಳ್ಳಗೆ ಏನೋ ಹರಡಿತ್ತು. ಹೂವು ಎಂದುಕೊಂಡಳು. ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನುಗಳವು.

ಆಮೇಲೆ ಬೀದಿಯ ಮಾತು ತಗ್ಗಿತು. ಅವಳು ಹತ್ತಿರ ಬಂದರೆ ಮಾತೇ ನಿಂತಿತು. ಶಾಲೆಯಲ್ಲಿ ಯಾರೋ "ಕೆರೆ ಕೆಡಿಸಿದವರ ಮಗಳು" ಎಂದರು. ಒಂದು ವರ್ಷ ಕಳೆಯುವುದರೊಳಗೆ ಆ ಮನೆ ಖಾಲಿ ಮಾಡಿ, ಪೇಟೆಯಲ್ಲಿ ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದರು. ಅಪ್ಪ ನೆಲದ ಮೇಲೆ ಕೂತು ದಪ್ಪ ದಪ್ಪ ಪುಸ್ತಕ ಓದತೊಡಗಿದರು.

"ಅಪ್ಪ, ನಿಮ್ಮನ್ನ ಕೆಲಸದಿಂದ ತೆಗೆದ್ರಾ?"

ಅಪ್ಪ ಪುಸ್ತಕದಲ್ಲಿ ಬೆರಳಿಟ್ಟು ತಲೆಯೆತ್ತಿದರು.

"ಬಿಟ್ಟೆ" ಎಂದರು.

ಇನ್ನೇನೋ ಹೇಳುವವರಂತೆ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಕೆಳಗಿನಿಂದ ದರ್ಜಿಯ ಯಂತ್ರ ಗರಗರ ಸುರುವಾಯಿತು. ಅವಳು ಎದ್ದು ಹೋದಳು. ಮತ್ತೆ ಕೇಳಲಿಲ್ಲ.

ಆ ಕಾಲದಿಂದಲೇ ಅಪ್ಪನಿಗೊಂದು ವಿಚಿತ್ರ ಚಾಳಿ ಅಂಟಿಕೊಂಡಿತು. ಅವಳು ಹೊರಗಿನಿಂದ ಬಂದು "ಬಾಗಿಲು ಮುಚ್ಚಿದೆ" ಎಂದರೆ ಸಾಕು, ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ನೀನು ಮುಚ್ಚಿದ್ಯಾ, ಇಲ್ಲ ಅದು ಮುಚ್ಚಿತ್ತಾ?" ಅಮ್ಮ ಅಡುಗೆ ಮನೆಯಿಂದ, "ಬಾಗಿಲಿಗೂ ಪಾಟೀಸವಾಲು ಸುರುವಾಯ್ತು" ಎಂದು ಗೊಣಗುತ್ತಿದ್ದರು. ನೆಂಟರೆಲ್ಲ ನಗುವ ಹಾಗಾಯಿತು.

* * *

ಸಭೆಯ ಕೋಣೆ ಉದ್ದಕ್ಕಿತ್ತು. ಒಂದು ಗೋಡೆಗೆ ಸಾಲಾಗಿ ಕಿಟಕಿಗಳು, ಮುಂದೆ ಹೂವಿನ ನಡುವೆ ಅಪ್ಪ ಮಲಗಿದ್ದ ಪೆಟ್ಟಿಗೆ, ಪಕ್ಕದಲ್ಲಿ ಒಂದು ಮೇಜು, ಅದರ ಮೇಲೆ ಮೈಕು. ಎರಡೂವರೆಗೆಲ್ಲ ಕುರ್ಚಿಗಳು ಅರ್ಧ ತುಂಬಿದ್ದವು. ಹೆಚ್ಚಿನವರು ಕೋರ್ಟಿನ ಕಡೆಯವರು. ಸಾವಿನ ಮನೆಯಲ್ಲಿ ದನಿ ತಗ್ಗಿಸಬೇಕೆಂಬುದು ಅವರಿಗೂ ಗೊತ್ತು. ಆದರೆ ತಗ್ಗಿಸಿದ ದನಿಯೇ ಮೂರನೇ ಸಾಲಿಗೆ ಕೇಳುತ್ತಿತ್ತು.

"ಪೈಪ್ ವಕೀಲರು ಅಂತಿದ್ವಿ ನಾವು" ಎಂದು ನಿವೃತ್ತ ಟೈಪಿಸ್ಟ್ ಮಗಳ ಕೈ ಹಿಡಿದುಕೊಂಡೇ ಹೇಳಿದರು. "ಎಲ್ಲರೂ ಜಡ್ಜಿಗೆ ಕಾನೂನು ಪುಸ್ತಕ ತೋರಿಸಿದ್ರೆ ನಿಮ್ಮಪ್ಪ ಪೈಪಿನ ನಕ್ಷೆ ಬರೆದು ತೋರಿಸೋರು. ಒಂದು ಸಲ ಅಣ್ಣತಮ್ಮಂದಿರ ಗೋಡೆ ಜಗಳ. ಇವರು ನಕ್ಷೆ ಹಿಡಿದು, ‘ಸ್ವಾಮಿ, ಮಾತು ಇಲ್ಲಿಂದ ಹೊರಟಿದೆ, ಅತ್ತಿಗೆ ಹತ್ರ ಒತ್ತಡ ಹೆಚ್ಚಾಗಿದೆ, ಇಗೋ ಇಲ್ಲಿ ಸೋರಿದೆ’ ಅಂದ್ರು. ಜಡ್ಜು ನಕ್ಕು, ‘ವಾಲ್ವ್ ಎಲ್ಲಿ ವಕೀಲರೇ?’ ಅಂದ್ರೆ, ‘ಅದನ್ನೇ ಹುಡುಕ್ತಿದೀನಿ ಸ್ವಾಮಿ’ ಅಂದ್ರು."

ಸುತ್ತಲಿದ್ದವರ ಭುಜಗಳು ಕುಲುಕಿದವು. ಮಗಳೂ ನಕ್ಕಳು. ನಕ್ಕು, ಅದೇ ಉಸಿರಿನಲ್ಲಿ ಕೇಳಿದಳು: "ಅವರು ಕಾರ್ಖಾನೆ ಯಾಕೆ ಬಿಟ್ರು ಅಂತ ನಿಮಗೇನಾದ್ರೂ ಹೇಳಿದ್ರಾ?"

"ಹೊಗೆ ಆಗ್ತಿರಲಿಲ್ವಂತಲ್ಲ? ಕೆಮ್ಮು ಅಂತ ಕೇಳಿದ್ದೆ."

"ಕೆಮ್ಮಾ?" ಎಂದಳು ಪಕ್ಕದಲ್ಲಿದ್ದ ಜೂನಿಯರ್. "ನಾನು ಸೇರಿದ ದಿನ ಕೇಳಿದ್ದೆ. ‘ಒಂದು ಪದ ಕಲಿಯೋಕೆ ಬಂದೆ’ ಅಂದ್ರು. ಯಾವ ಪದ ಸರ್ ಅಂದ್ರೆ, ‘ಇನ್ನೂ ಕಲೀತಿದೀನಿ, ನೀನು ಮೊದಲು ಆ ಕಡತ ತಗೊಂಡು ಬಾ’ ಅಂದ್ರು."

ಆಸೆ, ಕೆಮ್ಮು, ಪದ. ಮೂರು ಜನ, ಮೂರು ಕಾರಣ. ಮಗಳು ಕಿಟಕಿಯ ಪಕ್ಕ ಹೋಗಿ ನಿಂತಳು. ಆಗಲೇ ಅವಳು ಗಮನಿಸಿದ್ದು, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಒಬ್ಬರೇ ಕೂತಿದ್ದ ಮುದುಕರನ್ನು. ಇಸ್ತ್ರಿಯ ಗೆರೆ ಕತ್ತಿಯಂತೆ ನಿಂತ ಅಂಗಿ, ದಪ್ಪ ಕನ್ನಡಕ. ಯಾರೊಂದಿಗೂ ಮಾತಿಲ್ಲ. ಒಂದು ಲೋಟ ಚಹಾ ಹಿಡಿದು ಅವರ ಬಳಿ ಹೋದಳು.

"ಕೋರ್ಟಿನವರಾ ನೀವು?"

"ಅಲ್ಲಮ್ಮ. ಕೋರ್ಟಿಗೆ ಹೋದವನು." ಚಹಾ ತೆಗೆದುಕೊಂಡು ಅವಳ ಮುಖವನ್ನೇ ನೋಡಿದರು. "ನೀನು ಮಗಳಲ್ವಾ? ಒಂದು ಮಾತು ಕೇಳ್ಲಾ? ಮನೇಲಿ ಬಾಗಿಲು ಮುಚ್ಚಿದೆ ಅಂದ್ರೆ, ಯಾರು ಮುಚ್ಚಿದ್ದು ಅಂತ ಕೇಳೋರಾ?"

ಮಗಳು ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು. "ನಿಮಗೆ ಹೇಗೆ ಗೊತ್ತು?"

"ಆ ರೋಗ ಅಂಟಿಸಿದವನು ನಾನೇ" ಎಂದರು ಮುದುಕರು. "ಕಾರ್ಖಾನೇಲಿ ನನ್ನನ್ನ ‘ಮೂರನೇ ಟ್ಯಾಂಕು’ ಅಂತಿದ್ರು. ಆ ಟ್ಯಾಂಕಿನ ಆಪರೇಟರ್. ನಿಮ್ಮಪ್ಪ ನಮ್ಮ ಶಿಫ್ಟ್ ಎಂಜಿನಿಯರ್."

"ಕೆರೆ…" ಎಂದು ಅವಳು ಕುರ್ಚಿಯನ್ನು ಅವರತ್ತ ಎಳೆದುಕೊಂಡಳು. "ಕೆರೆ ಕೆಡಿಸಿದ್ದು ಅಪ್ಪನಾ?"

"ಕೆರೆ ಕೆಡಿಸಿದ್ದು ಒಂದು ದೀಪ. ನನ್ನನ್ನ ಕೆಡಿಸಿದ್ದು ನಿಮ್ಮಪ್ಪನ ಸಹಿ." ಮುದುಕರು ಲೋಟವನ್ನು ಕುರ್ಚಿಯ ಕೆಳಗಿಟ್ಟರು. "ಎರಡನ್ನೂ ಒಂದೇ ಅಂದ್ಕೋಬೇಡ. ಅವರೂ ಅಂದ್ಕೊಳ್ಳಲಿಲ್ಲ."

* * *

ಮುದುಕರು ಹೇಳಿದ್ದು ಇದು.

ಆ ದಿನ ಮಧ್ಯಾಹ್ನ ಎರಡು ಗಂಟೆಗೆ ಅವರು ಕೆಲಸಕ್ಕೆ ಬಂದರು. ಮೂರನೇ ಟ್ಯಾಂಕಿನ ತುಂಬ ಆಮ್ಲ. ಅದರ ತಳದ ವಾಲ್ವ್ ಮುಚ್ಚಿದ್ದರೆ ಫಲಕದ ಮೇಲೆ ಹಸಿರು ದೀಪ ಹತ್ತುತ್ತದೆ. ದೀಪ ಹತ್ತಿತ್ತು. ಲಾಗ್ ಬುಕ್ಕಿನಲ್ಲಿ ಅವರು ದಿನವೂ ಬರೆಯುವಂತೆ ಬರೆದರು: ‘ಮೂರನೇ ವಾಲ್ವ್ ಮುಚ್ಚಿದೆ.’ ಕೆಳಗೆ ಶಿಫ್ಟ್ ಎಂಜಿನಿಯರ್ ಸಹಿ ಹಾಕಿದರು. ಆದರೆ ದೀಪ ಕೆಟ್ಟಿತ್ತು. ವಾಲ್ವ್ ಎರಡು ಬೆರಳಿನಷ್ಟು ತೆರೆದೇ ಇತ್ತು. ಬೆಳಗಾಗುವುದರೊಳಗೆ ಆಮ್ಲ ಚರಂಡಿ ಹಿಡಿದು ಕೆರೆ ಸೇರಿತ್ತು.

ವಿಚಾರಣೆ ನಡೆಯಿತು. ಕಾರ್ಖಾನೆಯ ವಕೀಲರು ಆ ಸಾಲಿನ ಮೇಲೆ ಬೆರಳಿಟ್ಟರು. ‘ಮುಚ್ಚಿದೆ’ ಅಂದರೆ ‘ನಾನು ಮುಚ್ಚಿದೆ’. ಅಂದರೆ ಇವನು ತನ್ನ ಕೈಯಾರೆ ಮುಚ್ಚಿದೆನೆಂದು ಸುಳ್ಳು ಬರೆದ. ಆಪರೇಟರ್ ಕೂಗಿ ಹೇಳಿದ: ಇಲ್ಲ, ‘ವಾಲ್ವ್ ಮುಚ್ಚಿದೆ’, ಅದು ಮುಚ್ಚಿಕೊಂಡಿದೆ ಅಂತ ದೀಪ ತೋರಿಸಿತು, ನಾನು ಕಂಡದ್ದು ಬರೆದೆ! ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಅಕ್ಷರ. ಒಂದು ಅರ್ಥ ಹಿಡಿದರೆ ತಪ್ಪು ಮನುಷ್ಯನದು, ಇನ್ನೊಂದು ಹಿಡಿದರೆ ದೀಪದ್ದು, ದೀಪ ಕಾರ್ಖಾನೆಯದು.

ಶಿಫ್ಟ್ ಎಂಜಿನಿಯರನ್ನು ಕರೆದರು. "ಈ ಸಾಲಿನ ಅರ್ಥ ಇವನೇ ಮುಚ್ಚಿದ ಅಂತ ತಾನೇ?"

"ಹೌದು, ಹಾಗೂ ಓದಬಹುದು."

ಗುಮಾಸ್ತ ‘ಹೌದು’ ಎಂದು ಬರೆದುಕೊಂಡ. ಉಳಿದದ್ದು ಬೇಡವೆನಿಸಿತೋ, ಕೈ ಸೋತಿತ್ತೋ. ಹಾಳೆಯನ್ನು ಮುಂದಿಟ್ಟು, "ಓದಿ ಸಹಿ ಮಾಡಿ ಸಾರ್" ಎಂದ. ಆ ಹೊತ್ತಿಗೆ ಕಾರ್ಖಾನೆಯನ್ನು ಮತ್ತೆ ಚಾಲೂ ಮಾಡುವ ಗಡಿಬಿಡಿ. ಜೀವಮಾನವಿಡೀ ಅಂಕಿ ಓದಿದವರು, ಮಾಪಕದ ಮುಳ್ಳು ಕೂದಲೆಳೆ ಆಚೀಚೆಯಾದರೆ ಹಿಡಿಯುವವರು, ತಾನೇ ಆಡಿದ ಮಾತು ತಾನೇ, ಅದರಲ್ಲಿ ಓದುವುದೇನಿದೆ ಎಂದು ಓದದೆ ಸಹಿ ಹಾಕಿ ಓಡಿದರು.

"ಮೂರು ತಿಂಗಳಿಗೆ ಆದೇಶ ಬಂತು. ‘ಶಿಫ್ಟ್ ಎಂಜಿನಿಯರ್ ಅವರೇ ಒಪ್ಪಿದ್ದಾರೆ, ಆಪರೇಟರನ್ನು ವಜಾ ಮಾಡಲಾಗಿದೆ.’ ಆವತ್ತೇ ನಿಮ್ಮಪ್ಪ ನಮ್ಮನೆ ಬಾಗಿಲಿಗೆ ಬಂದ್ರು. ನಾನು ಮುಖದ ಮೇಲೇ ಬಾಗಿಲು ಹಾಕ್ಕೊಂಡೆ. ಒಂದು ಗಂಟೆ ಬಿಟ್ಟು ತೆಗೀತೀನಿ, ಅಲ್ಲೇ ನಿಂತಿದಾರೆ! ‘ನಾನು ಅಂದಿದ್ದು ಪೂರ್ತಿ ಬರೆದುಕೊಂಡಿಲ್ಲ’ ಅಂದ್ರು. ‘ನೀವು ಓದಿದ್ರಾ?’ ಅಂದೆ. ‘ಇಲ್ಲ’ ಅಂದ್ರು. ಒಂದು ಸಬೂಬು ಹೇಳಿದ್ರೂ ಮತ್ತೆ ಬಾಗಿಲು ಹಾಕ್ತಿದ್ದೆ."

ಇಬ್ಬರೂ ಸೇರಿ ವಕೀಲರನ್ನು ಹುಡುಕಿದರು. ಒಬ್ಬರಿಗೆ ವಾಲ್ವ್ ಅರ್ಥವಾಗಲಿಲ್ಲ, ಇನ್ನೊಬ್ಬರಿಗೆ ದೀಪ ಅರ್ಥವಾಗಲಿಲ್ಲ. ಕೊನೆಗೆ ಎಂಜಿನಿಯರ್, ‘ನಾನೇ ಕಾನೂನು ಓದ್ತೀನಿ, ನಾನೇ ನಿನ್ನ ಕೇಸು ನಡೆಸ್ತೀನಿ’ ಎಂದು ರಾಜೀನಾಮೆ ಕೊಟ್ಟು ಬಂದರು.

"ಆಮೇಲೆ ಕೇಳು ತಮಾಷೆ. ಕಾಲೇಜಲ್ಲಿ ಎರಡನೇ ವರ್ಷವೋ ಏನೋ, ಮೇಷ್ಟ್ರು ಪಾಠ ಮಾಡ್ತಾ ಅಂದ್ರಂತೆ: ಒಂದು ಕೇಸಲ್ಲಿ ಸಾಕ್ಷಿ ಆದವನು ಅದೇ ಕೇಸಲ್ಲಿ ವಕೀಲನಾಗೋ ಹಾಗಿಲ್ಲ. ಆವತ್ತು ಸಾಯಂಕಾಲ ನಮ್ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ್ರು. ‘ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?’ ಅಂತ. ನಮ್ಮನೆಯವಳು ಒಳಗೆ ಹೋಗಿ ನಕ್ಕಿದ್ದೇ ನಕ್ಕಿದ್ದು. ಎರಡು ವರ್ಷವಾಗಿತ್ತು ನಮ್ಮನೇಲಿ ಯಾರೂ ನಕ್ಕು."

"ಮತ್ತೆ ಕೇಸು?"

"ಬೇರೆ ವಕೀಲರು ನಡೆಸಿದ್ರು. ನಿಮ್ಮಪ್ಪ ಕಟಕಟೆ ಹತ್ತಿ ನಿಂತ್ರು. ಆ ಕಡೆಯೋರು, ‘ಆಗ ಸುಳ್ಳು ಹೇಳಿದ್ರೋ, ಈಗ ಹೇಳ್ತಿದೀರೋ?’ ಅಂತ ಕೂಗಿದ್ರು. ‘ಎರಡು ಸಲವೂ ನಿಜ ಹೇಳಿದೀನಿ. ಆಗ ಅರ್ಧ ಬರೆದುಕೊಂಡ್ರು. ಆ ಅರ್ಧಕ್ಕೆ ಸಹಿ ಹಾಕಿದ ತಪ್ಪು ನನ್ನದು, ಅದನ್ನ ಪೂರ್ತಿ ಬರ್ಕೊಳ್ಳಿ’ ಅಂದ್ರು. ಏಳು ವರ್ಷಕ್ಕೆ ತೀರ್ಪು ಬಂತು. ಗೆದ್ವಿ! ತೀರ್ಪು ಹಿಡ್ಕೊಂಡು ಇಬ್ಬರೂ ಗೇಟಿಗೆ ಹೋದ್ರೆ ಬೋರ್ಡು ನೇತಾಡ್ತಿದೆ: ‘ಕಾರ್ಖಾನೆ ಮುಚ್ಚಿದೆ.’" ಮುದುಕರ ಕಣ್ಣಲ್ಲಿ ನೀರು ಬರುವಷ್ಟು ನಗು. "ನಾನು ಕೇಳಿದೆ, ಸಾರ್, ಯಾರು ಮುಚ್ಚಿದ್ದು ಅಂತ ಬರೆದಿಲ್ವಲ್ಲ? ರಸ್ತೆ ಮೇಲೆ ನಿಂತು ಇಬ್ಬರೂ ಹುಚ್ಚರ ಹಾಗೆ ನಕ್ವಿ. ಕಾವಲುಗಾರ ನಮ್ಮನ್ನ ಓಡಿಸಿದ."

ಮಗಳು ನಗಲಿಲ್ಲ. ಅವಳ ಮನಸ್ಸು ಹಳೆಯದೊಂದು ಅಡುಗೆ ಮನೆಗೆ ಹೋಗಿತ್ತು.

* * *

ಅದು ವಸತಿ ಸಾಲಿನ ಮನೆ. ಸ್ಟವ್ವಿನ ಮೇಲೆ ಹಾಲಿತ್ತು. ಅಮ್ಮ ಶಾಲೆಯಲ್ಲಿ ಭಾಷೆ ಕಲಿಸುವವರು; ದಿನವೂ ಸಂಜೆ ದೀಪದ ಮುಂದೆ ಕೂತು ನಾಲ್ಕು ಪದ್ಯ ಓದದೆ ಊಟಕ್ಕೇಳುತ್ತಿರಲಿಲ್ಲ. ಓದುವುದೆಂದರೆ ಗಡಗಡ ಓದುವುದಲ್ಲ. ಒಂದೊಂದು ಪದವನ್ನೂ ಬಿಡಿಸಿ, ನಿಲ್ಲಿಸಿ, ಕಿವಿಗೆ ಇಳಿಯುವಂತೆ. "ಅವಸರದಲ್ಲಿ ಓದಿದ್ರೆ ದೇವರಿಗೂ ಅರ್ಧವೇ ಕೇಳೋದು" ಎನ್ನುತ್ತಿದ್ದರು.

ಅವತ್ತು ಅಪ್ಪ ಒಂದು ಚೀಟಿಯನ್ನು ಅಮ್ಮನ ಮುಂದಿಟ್ಟರು. "ಇದನ್ನ ಬಿಡಿಸಿ ಹೇಳು."

ಅಮ್ಮ ಓದಿದರು. "ಮುಚ್ಚಿದೆ. ಇದರಲ್ಲೇನಿದೆ? ಮುಚ್ಚಿ, ಇದೆ: ಮುಚ್ಚಿದೆ. ಅದು ಮುಚ್ಚಿದೆ. ಇಲ್ಲಾಂದ್ರೆ ಬಿಡಿಸೋ ಹಾಗೇ ಇಲ್ಲ, ಮುಚ್ಚಿದೆ, ನಾನು. ಎರಡೂ ಸರಿ ಕಣ್ರೀ."

"ಯಾವುದು ಅಂತ ಹೇಗೆ ಗೊತ್ತಾಗತ್ತೆ?"

"ಹೇಳಿದವರನ್ನ ಕೇಳಬೇಕು. ಇನ್ನೇನು ದಾರಿ?"

ಅಪ್ಪ ಚೀಟಿಯನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿದರು. ಹಾಲು ಉಕ್ಕಿ ಸ್ಟವ್ ಆರಿಹೋಯಿತು, ಇಬ್ಬರೂ ಏಳಲಿಲ್ಲ. ಮೂಲೆಯಲ್ಲಿ ಶಾಲೆಯ ಲೆಕ್ಕ ಮಾಡುತ್ತಿದ್ದ ಮಗಳು, ದೊಡ್ಡವರಿಗೂ ವ್ಯಾಕರಣ ಬರುವುದಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದಳು.

* * *

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅತ್ತೆ ಅವಳ ತೋಳು ಹಿಡಿದು ಹೊರಗಿನ ಓಣಿಗೆ ಎಳೆದುಕೊಂಡು ಬಂದರು.

"ಆ ಮನುಷ್ಯ ಯಾರು ಅಂತ ನನಗೆ ಗುರುತು ಸಿಕ್ತು. ಏನಂದ?"

"ಎಲ್ಲಾ."

ಅತ್ತೆ ಗೋಡೆಗೆ ಒರಗಿದರು. "ಪುಟ್ಟಿ, ಅಲ್ಲಿ ನೂರು ಜನ ಇದಾರೆ. ಇಪ್ಪತ್ತು ಇಪ್ಪತ್ತೈದು ವರ್ಷ ಅವನ ಸಹಿ ನಂಬಿದೋರು. ಅವನು ಓದದೇ ಸಹಿ ಹಾಕಿ ಒಬ್ಬನ ಅನ್ನ ಕಿತ್ಕೊಂಡ ಅಂತ ಇವತ್ತೇ ಹೇಳ್ಬೇಕಾ? ಪೆಟ್ಟಿಗೇಲಿ ಮಲಗಿದಾನೆ, ವಾಪಸ್ಸು ಒಂದು ಮಾತಾಡೋ ಹಾಗಿಲ್ಲ."

"ನಿಮಗೆ ಮೊದಲೇ ಗೊತ್ತಿತ್ತಾ ಅತ್ತೆ?"

"ನನ್ನ ಮುಂದೆ ಕೂತು ಅತ್ತಿದ್ದ. ಚಿಕ್ಕೋನಿದ್ದಾಗ ಬಿದ್ದು ಮಂಡಿ ಒಡಕೊಂಡ್ರೂ ಅಳದೇ ಇದ್ದೋನು."

"ನನಗೆ ಯಾಕೆ ಹೇಳಲಿಲ್ಲ?"

ಅತ್ತೆ ಉತ್ತರಿಸುವ ಮೊದಲು ಓಣಿಯ ಎರಡೂ ಕಡೆ ನೋಡಿದರು. ಹೇಳಬಾರದೆಂದೇ ಇಷ್ಟು ವರ್ಷ ಇಟ್ಟುಕೊಂಡ ಮಾತೆಂದು ಅವರ ಮುಖವೇ ಹೇಳುತ್ತಿತ್ತು.

"ನೀನು ಕೇಳ್ಲಿ ಅಂತ ಕಾಯ್ತಿದ್ದ ಕಣೇ. ‘ಒಂದು ಸಲ ಕೇಳಿದ್ಲು, ನಾನು ಅರ್ಧ ಹೇಳಿದೆ. ಇನ್ನೊಂದು ಸಲ ಕೇಳಿದ್ರೆ ಪೂರ್ತಿ ಹೇಳ್ತೀನಿ ಅಕ್ಕ’ ಅಂತಿದ್ದ. ನಾನೂ ಬೈದೆ, ನೀನಾಗೇ ಕರೆದು ಹೇಳೋ ಅಂತ. ‘ಕೇಳದೇ ಇರೋರಿಗೆ ಹೇಳಿದ್ರೆ ಅದು ಸಬೂಬು ಆಗತ್ತೆ’ ಅಂದ."

ಇಪ್ಪತ್ತೆಂಟು ವರ್ಷ. ಒಂದೇ ಮೇಜಿನ ಮೇಲೆ ಎಷ್ಟು ಊಟ! ಅಪ್ಪ ತಟ್ಟೆಯಿಂದ ತಲೆಯೆತ್ತಿ, "ಏನಾದ್ರೂ ಕೇಳೋದಿದ್ಯಾ?" ಎನ್ನುತ್ತಿದ್ದರು. ಉಪ್ಪೋ ನೀರೋ ಎಂದುಕೊಂಡು ಅವಳು, "ಏನಿಲ್ಲ ಅಪ್ಪ" ಎನ್ನುತ್ತಿದ್ದಳು.

ಒಳಗೆ ಯಾರೋ ಮೈಕನ್ನು ತಟ್ಟಿ ನೋಡಿದರು. ಹೊರಗೆ, ದೇಹ ಒಯ್ಯುವ ಗಾಡಿಯ ಚಾಲಕ ಎಂಜಿನ್ ಚಾಲೂ ಮಾಡಿ ಇಟ್ಟಿದ್ದ. ಐದು ನಿಮಿಷದ ಮಾತು ಎಂದು ಅವನಿಗೆ ಯಾರೋ ಹೇಳಿದ್ದರು.

"ಅತ್ತೆ, ನೀವು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ" ಎಂದಳು ಮಗಳು.

"ಏನು ಮಾಡ್ತೀಯಾ?"

"ಕೇಳ್ತೀನಿ."

ಅವಳು ಮೈಕಿನ ಮುಂದೆ ಹೋಗಿ ನಿಂತಳು. "ನಮ್ಮಪ್ಪ ನಲವತ್ತೆರಡನೇ ವಯಸ್ಸಿನಲ್ಲಿ ಕಾರ್ಖಾನೆ ಬಿಟ್ಟು ಕಾನೂನು ಓದೋಕೆ ಹೋದ್ರು. ಯಾಕೆ ಅಂತ ಇವತ್ತು ಮಧ್ಯಾಹ್ನದವರೆಗೂ ನನಗೆ ಗೊತ್ತಿರಲಿಲ್ಲ. ಅದನ್ನ ನಾನು ಹೇಳಿದ್ರೆ ಮಗಳು ಹೇಳಿದ ಹಾಗಾಗತ್ತೆ. ಅಪ್ಪನಿಂದ ಕಷ್ಟಪಟ್ಟವರು ಒಬ್ಬರು ಇಲ್ಲಿ ಬಂದಿದಾರೆ. ಅವರೇ ಹೇಳ್ಲಿ." ಕೊನೆಯ ಸಾಲಿನತ್ತ ನೋಡಿದಳು. "ದಯವಿಟ್ಟು ಮುಂದೆ ಬರ್ತೀರಾ? ಪೂರ್ತಿ ಹೇಳಿ. ಯಾವುದನ್ನೂ ಬಿಡಬೇಡಿ."

ಎಲ್ಲರ ಕತ್ತೂ ಹಿಂದಕ್ಕೆ ತಿರುಗಿತು. ಮುದುಕರು ಬೇಡವೆಂದು ಕೈಯಾಡಿಸಿದರು. ಅವಳು ಕಾದಳು. ಅವರು ಎದ್ದು, ಕುರ್ಚಿಗಳ ಬೆನ್ನು ಹಿಡಿಯುತ್ತ ಹಿಡಿಯುತ್ತ ಮುಂದೆ ಬಂದು, ಪೆಟ್ಟಿಗೆಯ ಬಳಿ ಒಂದು ಗಳಿಗೆ ನಿಂತರು. ಆಮೇಲೆ ಮೈಕಿನ ಮೇಜನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ಅತ್ತಿತ್ತ ಹುಡುಕಿದರು.

"ಬರ್ಕೊಳ್ಳೋರು ಯಾರೂ ಇಲ್ವಾ?"

ಕೋರ್ಟಿನವರ ಸಾಲಿನಲ್ಲಿ ಸಣ್ಣ ನಗು ಎದ್ದು, ಅಲ್ಲೇ ಅಡಗಿತು. ಮಗಳು ಜೂನಿಯರಿನ ಚೀಲದಿಂದ ಪೆನ್ನು, ಕಾಗದ ತೆಗೆದುಕೊಂಡು ಮೇಜಿನ ಪಕ್ಕಕ್ಕೆ ಒಂದು ಕುರ್ಚಿ ಎಳೆದು ಕೂತಳು. "ನಾನಿದೀನಿ" ಎಂದಳು. "ಹೇಳಿ."

"ನಾನು ಮೂರನೇ ಟ್ಯಾಂಕಿನ ಆಪರೇಟರ್" ಎಂದರು ಮುದುಕರು. ಎಂದು ನಿಲ್ಲಿಸಿ, ಅವಳ ಕೈಯನ್ನೇ ನೋಡುತ್ತ ಕಾದರು. ಪೆನ್ನು ಸಾಲಿನ ಕೊನೆ ಮುಟ್ಟಿ ಮೇಲೆದ್ದ ಮೇಲೆಯೇ ಎರಡನೇ ವಾಕ್ಯ. ಮತ್ತೆ ಕಾದರು. ಮುಂದಿನ ಸಾಲಿನಲ್ಲಿ ಅತ್ತೆ, ಅವರ ಹಿಂದೆ ಟೈಪಿಸ್ಟ್, ಅವರ ಹಿಂದೆ ಆ ನೂರು ಜನ ಪ್ರತಿ ವಾಕ್ಯದ ಕೊನೆಗೂ ಉಸಿರು ಹಿಡಿದು ಒಂದು ಪೆನ್ನು ನಿಲ್ಲುವುದನ್ನೇ ನೋಡುತ್ತಿದ್ದರು. ಹೊರಗೆ ಚಾಲಕ ಕಿಟಕಿಯ ಬಳಿ ಬಂದು ಒಳಗೆ ಇಣುಕಿದ. ಹಿಂದಿರುಗಿ ಹೋಗಿ ಗಾಡಿಯ ಎಂಜಿನ್ ಆರಿಸಿದ.